ಸಿಸೆರೋ: ಡಿಸೆಂಬರ್ 5ರ ಆ ಒಂದು ತೀರ್ಮಾನ ಸರಿಯಾಗಿತ್ತಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹಳೇ ರೋಮ್‌ನ ರಾಜಕಾರಣಿ, ವಕೀಲ ಸಿಸೆರೋ ಅಂದ ಕೂಡಲೇ ಎಲ್ಲರೂ ಅವನ ಮಾತುಗಾರಿಕೆ ಬಗ್ಗೆ ಹೇಳುತ್ತಾರೆ. ನನ್ನನ್ನು ಕಾಡುವುದು ಅವನ ರಾಜಕೀಯ. ಅದರಲ್ಲೂ ಒಂದೇ ಒಂದು ದಿನ, ಕ್ರಿ.ಪೂ. 63ರ ಡಿಸೆಂಬರ್ 5. ಮನಸ್ಸಿನಲ್ಲಿರುವುದನ್ನು ಇಲ್ಲಿ ಇಡುತ್ತೇನೆ. ಒಪ್ಪದಿದ್ದರೆ ಖಂಡಿತ ಹೇಳಿ.

ಆ ವರ್ಷ ಅವನು ಕಾನ್ಸಲ್. ರೋಮ್‌ನಲ್ಲಿ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು. ಆಡಳಿತ, ಸೈನ್ಯ ಎರಡೂ ಅವರ ಕೈಯಲ್ಲಿ. ಅವನ ಎದುರು ಚುನಾವಣೆಯಲ್ಲಿ ಸೋತವನು ಕ್ಯಾಟಿಲಿನ್. ಮರುವರ್ಷದ ಹುದ್ದೆಗೂ ನಿಂತು ಮತ್ತೆ ಸೋತ. ಸಾಲ ಮನ್ನಾ ಮಾಡುತ್ತೇನೆ ಅಂತ ಹೇಳಿ, ಸಾಲದಲ್ಲಿ ಮುಳುಗಿದ್ದ ದೊಡ್ಡ ಮನೆತನದವರನ್ನೂ ಬಡವರನ್ನೂ ಸೇರಿಸಿಕೊಂಡ. ಕೊನೆಗೆ ದಂಗೆಗೆ ಇಳಿದ. ಸಿಸೆರೋ ಸೆನೆಟ್‌ನಲ್ಲಿ, ಅಂದರೆ ರೋಮ್‌ನ ಹಿರಿಯರ ಸಭೆಯಲ್ಲಿ, ಅವನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ. ‘ಕ್ಯಾಟಿಲಿನ್, ನಮ್ಮ ತಾಳ್ಮೆಯನ್ನು ಇನ್ನೂ ಎಲ್ಲಿಯವರೆಗೆ ಪರೀಕ್ಷಿಸುತ್ತೀಯ’ ಅಂತ ಶುರುವಾಗುವ ಮಾತು ಅದೇ. ಕ್ಯಾಟಿಲಿನ್ ಆ ರಾತ್ರಿಯೇ ರೋಮ್ ಬಿಟ್ಟು ಉತ್ತರದಲ್ಲಿ ಕಾದಿದ್ದ ತನ್ನ ಪಡೆ ಸೇರಿಕೊಂಡ. ಊರಲ್ಲಿ ಉಳಿದ ಅವನ ಜೊತೆಗಾರರು ಗಾಲ್ ಪ್ರದೇಶದ (ಈಗಿನ ಫ್ರಾನ್ಸ್ ಕಡೆ) ಅಲ್ಲೊಬ್ರೊಜಿಸ್ ಎಂಬ ಜನಾಂಗದ ದೂತರ ಹತ್ತಿರ ಸಹಾಯ ಕೇಳಿದರು. ದೂತರು ಅದನ್ನು ಸಿಸೆರೋಗೆ ತಲುಪಿಸಿದರು. ಮಿಲ್ವಿಯನ್ ಸೇತುವೆ ಹತ್ತಿರ ರಾತ್ರಿ ಹೊಂಚು ಹಾಕಿ, ಮುದ್ರೆ ಒತ್ತಿದ ಪತ್ರಗಳ ಸಮೇತ ಹಿಡಿಸಿದ. ಐದು ಜನ ಸಿಕ್ಕಿಬಿದ್ದರು. ಅವರಲ್ಲಿ ಲೆಂಟುಲಸ್ ಎಂಬವನು ಹಿಂದೆ ಕಾನ್ಸಲ್ ಆಗಿದ್ದವನು. ಆ ವರ್ಷವೂ ಪ್ರೀಟರ್ ಹುದ್ದೆಯಲ್ಲಿದ್ದ, ಅಂದರೆ ನ್ಯಾಯ ಕೊಡುವ ಹುದ್ದೆ.

ಇಲ್ಲಿಯವರೆಗೆ ನನ್ನ ತಕರಾರೇ ಇಲ್ಲ. ಇಷ್ಟು ಚೆನ್ನಾಗಿ, ಬೀದಿಯಲ್ಲಿ ರಕ್ತ ಚೆಲ್ಲದೆ ಒಂದು ಸಂಚನ್ನು ಬಯಲಿಗೆಳೆದದ್ದು ದೊಡ್ಡ ಕೆಲಸ. ಆದರೆ ಡಿಸೆಂಬರ್ 5ರಂದು ಸೆನೆಟ್ ಸೇರಿಸಿ, ಚರ್ಚೆ ಮಾಡಿಸಿ, ಅಂದೇ ಸಂಜೆ ಆ ಐವರನ್ನೂ ಸೆರೆಮನೆಯ ನೆಲಮಾಳಿಗೆಗೆ ಇಳಿಸಿ ಕತ್ತು ಬಿಗಿದು ಕೊಲ್ಲಿಸಿದ. ನ್ಯಾಯಾಲಯವಿಲ್ಲ, ವಿಚಾರಣೆಯಿಲ್ಲ. ಹೊರಗೆ ಕಾದಿದ್ದ ಜನಕ್ಕೆ ಹೇಳಿದ್ದು ಒಂದೇ ಪದ, ‘ಬಾಳಿದರು’ ಅಂತ. ಸತ್ತರು ಅನ್ನುವ ಮಾತು ಅಶುಭ ಅಂತ ರೋಮನ್ನರು ಹೀಗೆ ಸುತ್ತು ಬಳಸಿ ಹೇಳುತ್ತಿದ್ದರು. ನಾವು ತೀರಿಕೊಂಡರು ಅನ್ನುವುದಿಲ್ಲವೇ, ಹಾಗೆ.

ಈಗ ಏಳು ವರ್ಷ ಹಿಂದಕ್ಕೆ ಹೋಗಿ. ಕ್ರಿ.ಪೂ. 70. ಸಿಸಿಲಿಯನ್ನು ಮೂರು ವರ್ಷ ಲೂಟಿ ಹೊಡೆದ ಗವರ್ನರ್ ವೆರೆಸ್ ಮೇಲೆ ಇದೇ ಸಿಸೆರೋ ಮೊಕದ್ದಮೆ ಹೂಡಿದ. ಆ ಮೊಕದ್ದಮೆಗಾಗಿ ಬರೆದ ಭಾಷಣದಲ್ಲಿ ಗಾವಿಯಸ್ ಎಂಬ ಒಬ್ಬ ಸಾಮಾನ್ಯನ ಕಥೆ ಬರುತ್ತದೆ. ಮೆಸ್ಸಾನಾ ಊರಿನ ಚೌಕದಲ್ಲಿ ಅವನಿಗೆ ಛಡಿ ಏಟು ಬೀಳುತ್ತಿದೆ. ಅವನು ಅಳುವುದಿಲ್ಲ, ಬೇಡುವುದಿಲ್ಲ. ಪ್ರತಿ ಏಟಿಗೂ ‘ನಾನು ರೋಮನ್ ನಾಗರಿಕ’ ಅನ್ನುತ್ತಾನೆ, ಅಷ್ಟೇ. ಆ ಮಾತು ಹೇಳಿದ ಮೇಲೆ ವಿಚಾರಣೆಯಿಲ್ಲದೆ ಯಾರೂ ಕೈ ಎತ್ತುವ ಹಾಗಿಲ್ಲ. ವೆರೆಸ್ ಅವನನ್ನು ಶಿಲುಬೆಗೇರಿಸಿದ, ಅದೂ ಜಲಸಂಧಿಯಾಚೆಗಿನ ಇಟಲಿ ಕಾಣುವ ಹಾಗೆ. ಆ ಭಾಗ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ಮಾತಿನ ಬೆಲೆ ಇಷ್ಟು ಚೆನ್ನಾಗಿ ಗೊತ್ತಿದ್ದವನು, ತನ್ನ ಕೈಗೆ ಅಧಿಕಾರ ಬಂದಾಗ ಐದು ಜನ ನಾಗರಿಕರಿಗೆ ಅದೇ ಹಕ್ಕನ್ನು ಕೊಡಲಿಲ್ಲ. ಅವನ ಮುಂದಿನ 20 ವರ್ಷದ ಕಷ್ಟವೆಲ್ಲ ಆ ಸಂಜೆಯಿಂದಲೇ ಬಂತು ಅಂತ ನನ್ನ ನಂಬಿಕೆ. ನೀವೇನಂತೀರಿ?

ಕಪ್ಪುಕೋಟು

ಒಳ್ಳೆಯ ವಿಷಯ ತೆಗೆದಿದ್ದೀರಿ ಸರ್. ನಾನು ವಕೀಲ. ಹಾಗಾಗಿ ಮೊದಲು ಸಿಸೆರೋ ಪರವಾಗಿ ವಾದ ಮಾಡುತ್ತೇನೆ.

ಅಕ್ಟೋಬರ್ 21ರಂದೇ ಸೆನೆಟ್ ‘ರಾಜ್ಯಕ್ಕೆ ಹಾನಿಯಾಗದಂತೆ ಕಾನ್ಸಲ್‌ಗಳು ನೋಡಿಕೊಳ್ಳಲಿ’ ಅಂತ ನಿರ್ಣಯ ಮಾಡಿತ್ತು. ಇದಕ್ಕೊಂದು ಹಿಂದಿನ ಉದಾಹರಣೆಯೂ ಇತ್ತು. ಕ್ರಿ.ಪೂ. 121ರಲ್ಲಿ ಇಂಥದ್ದೇ ನಿರ್ಣಯ ಹಿಡಿದುಕೊಂಡು ಕಾನ್ಸಲ್ ಒಪಿಮಿಯಸ್, ಬಡವರ ಪರ ಸುಧಾರಣೆ ತಂದಿದ್ದ ಗಾಯಸ್ ಗ್ರಾಕಸ್‌ನ ಕಡೆಯವರನ್ನು ಕೊಲ್ಲಿಸಿದ. ಮರುವರ್ಷ ಅವನ ಮೇಲೆ ಕೇಸು ಬಿತ್ತು, ಖುಲಾಸೆಯೂ ಆಯಿತು. ಸಿಸೆರೋ ಅದನ್ನೇ ನೆಚ್ಚಿಕೊಂಡ.

ಇನ್ನೊಂದು ಮಾತು. ಇವರನ್ನು ಜೈಲಲ್ಲಿಟ್ಟು ಆಮೇಲೆ ವಿಚಾರಣೆ ಮಾಡಬಹುದಿತ್ತಲ್ಲ ಅಂತ ನಮಗೆ ಈಗ ಅನಿಸುತ್ತದೆ. ಆದರೆ ರೋಮ್‌ನಲ್ಲಿ ನಾವು ತಿಳಿದ ಹಾಗೆ ಜೈಲುಶಿಕ್ಷೆಯೇ ಇರಲಿಲ್ಲ. ಇದ್ದ ಸೆರೆಮನೆ ಕೊಲ್ಲುವವರೆಗೆ ಕೂಡಿಹಾಕುವ ಜಾಗ. ಐವರನ್ನೂ ಒಬ್ಬೊಬ್ಬ ಗಣ್ಯರ ಮನೆಯಲ್ಲಿ ಕಾವಲಿಗೆ ಇಟ್ಟಿದ್ದರು. ಲೆಂಟುಲಸ್‌ನ ಕಡೆಯವರು ಅವನನ್ನು ಬಿಡಿಸಿಕೊಂಡು ಹೋಗಲು ಬೀದಿಯಲ್ಲಿ ಜನ ಸೇರಿಸುತ್ತಿದ್ದರು. ಉತ್ತರದಲ್ಲಿ ಕ್ಯಾಟಿಲಿನ್‌ನ ಸೈನ್ಯ ಇನ್ನೂ ಹಾಗೇ ಇತ್ತು. ಅವನು ಪಿಸ್ಟೋರಿಯಾದಲ್ಲಿ ಸತ್ತದ್ದು ಮರುವರ್ಷದ ಆರಂಭದಲ್ಲಿ. ಡಿಸೆಂಬರ್ 5ರ ಬೆಳಗ್ಗೆ ಸಿಸೆರೋ ಕಣ್ಣಿಗೆ ಕಂಡಿದ್ದು ಇದು.

ಇದು ಪರವಾಗಿ. ಈಗ ವಿರುದ್ಧವಾಗಿ ನನ್ನ ಹತ್ತಿರ ಒಂದೇ ಪಾಯಿಂಟ್ ಇದೆ, ಆದರೆ ಗಟ್ಟಿ ಪಾಯಿಂಟ್. ಅವನಿಗೆ ಮೊದಲೇ ಎಚ್ಚರಿಕೆ ಸಿಕ್ಕಿತ್ತು. ಅದೇ 63ರಲ್ಲಿ ರಾಬಿರಿಯಸ್ ಎಂಬ ಮುದುಕನ ಮೇಲೆ ಕೇಸು ಹಾಕಿದ್ದರು. 37 ವರ್ಷದ ಹಿಂದೆ ಇಂಥದ್ದೇ ಸೆನೆಟ್ ನಿರ್ಣಯದ ಹೆಸರಲ್ಲಿ ಸಾಟರ್ನಿನಸ್ ಎಂಬ ಟ್ರಿಬ್ಯೂನ್‌ನನ್ನು (ಸಾಮಾನ್ಯ ಜನರ ಪರವಾಗಿ ಆರಿಸಿದ ಅಧಿಕಾರಿ) ಕೊಂದದ್ದರಲ್ಲಿ ಇವನದೂ ಕೈ ಇತ್ತು ಅಂತ. ಆ ಮುದುಕನ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ಕೇಸು ಹಾಕಿದ ಲಾಬಿಯೆನಸ್ ಮತ್ತು ಅವನ ಹಿಂದಿದ್ದ ಸೀಸರ್ ಹೇಳಬೇಕಿದ್ದ ಮಾತು ಬೇರೆ: ಸೆನೆಟ್ ನಿರ್ಣಯ ಹಿಡಿದು ನಾಗರಿಕರನ್ನು ಕೊಂದರೆ 37 ವರ್ಷ ಆದ ಮೇಲೂ ಲೆಕ್ಕ ಕೊಡಬೇಕಾಗುತ್ತದೆ. ಆ ಕೇಸಲ್ಲಿ ರಾಬಿರಿಯಸ್ ಪರ ನಿಂತು ಮಾತಾಡಿದವನು ಬೇರೆ ಯಾರೂ ಅಲ್ಲ, ಸಿಸೆರೋ! ಅಷ್ಟು ಹತ್ತಿರದಿಂದ ಕೇಳಿಸಿಕೊಂಡ ಮೇಲೂ ಅದೇ ದಾರಿ ಹಿಡಿದ.

ಹಳ್ಳಿಮೇಷ್ಟ್ರು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಅವನು ಎಲ್ಲಿಂದ ಬಂದ ಅನ್ನುವುದನ್ನು ಬಿಟ್ಟು ಆ ದಿನವನ್ನು ಅಳೆಯುವುದು ಕಷ್ಟ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹುಟ್ಟಿದ್ದು ಕ್ರಿ.ಪೂ. 106ರ ಜನವರಿ 3, ಅರ್ಪಿನಮ್ ಎಂಬ ಬೆಟ್ಟದ ಊರಲ್ಲಿ. ರೋಮ್‌ನಿಂದ ಸುಮಾರು 100 ಕಿಲೋಮೀಟರ್. ಅನುಕೂಲಸ್ಥ ಮನೆತನವೇ, ಆದರೆ ವಂಶದಲ್ಲಿ ಒಬ್ಬರೂ ಸೆನೆಟ್ ಮೆಟ್ಟಿಲು ಹತ್ತಿದವರಲ್ಲ. ಇಂಥವನನ್ನು ರೋಮನ್ನರು ‘ಹೊಸಬ’ ಅನ್ನುತ್ತಿದ್ದರು. ಹೊಗಳಿಕೆಯ ಮಾತಲ್ಲ ಅದು. ಸಿಸೆರೋ ಅನ್ನುವ ಹೆಸರಿನ ಮೂಲವೇ ಕಡಲೆ ಕಾಳು. ರಾಜಕೀಯಕ್ಕೆ ಬರುವಾಗ ಈ ಹೆಸರು ಬದಲಾಯಿಸಿಕೋ ಅಂತ ಗೆಳೆಯರು ಹೇಳಿದರಂತೆ. ಇದನ್ನೇ ದೊಡ್ಡ ಹೆಸರು ಮಾಡುತ್ತೇನೆ ಅಂದನಂತೆ. ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದಾಗ ದೇವರಿಗೆ ಒಂದು ಬೆಳ್ಳಿ ಪಾತ್ರೆ ಅರ್ಪಿಸಿದ. ಅದರ ಮೇಲೆ ಮಾರ್ಕಸ್, ಟುಲಿಯಸ್ ಅಂತ ಎರಡು ಹೆಸರು ಕೆತ್ತಿಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆ ಕಾಳು ಕೆತ್ತಿಸಿದ. ಹಳೇ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುವ ಈ ಕಥೆ ನನಗೆ ತುಂಬಾ ಇಷ್ಟ.

ಅವನ ಬಾಯಿಂದಲೇ ಬಂದ ಇನ್ನೊಂದು ಕಥೆ ಇದೆ. ಕ್ರಿ.ಪೂ. 75ರಲ್ಲಿ ಸಿಸಿಲಿಯ ಲಿಲಿಬಿಯಮ್‌ನಲ್ಲಿ ಕ್ವೀಸ್ಟರ್ ಆಗಿದ್ದ. ಖಜಾನೆ ನೋಡಿಕೊಳ್ಳುವ ಕೆಲಸ. ರೋಮ್‌ನಲ್ಲಿ ಧಾನ್ಯದ ಕೊರತೆ ಇದ್ದಾಗ ಗೋಧಿ ಕಳಿಸಿಕೊಟ್ಟ. ಒಳ್ಳೆಯ ಹೆಸರು ಬಂತು. ಊರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಿದೆ ಅಂದುಕೊಂಡು ವಾಪಸ್ ಬರುವಾಗ ಪುಟಿಯೋಲಿ ಬಂದರಲ್ಲಿ ಇಳಿದ. ಅಲ್ಲಿ ದೊಡ್ಡವರೆಲ್ಲ ಸೇರುವ ಕಾಲ. ಒಬ್ಬ ಪರಿಚಿತ ಸಿಕ್ಕು ‘ರೋಮ್ ಬಿಟ್ಟು ಎಷ್ಟು ದಿನ ಆಯಿತು, ಏನು ಸಮಾಚಾರ’ ಅಂದ! ಸಿಸಿಲಿಯಿಂದ ಬರುತ್ತಿದ್ದೇನೆ ಅಂದರೆ, ಪಕ್ಕದಲ್ಲಿದ್ದ ಇನ್ನೊಬ್ಬ ‘ಗೊತ್ತಿಲ್ವಾ, ಇವರು ಸಿರಾಕ್ಯೂಸ್‌ನಲ್ಲಿ ಇದ್ದರಲ್ಲ’ ಅಂತ ತಪ್ಪು ಊರು ಹೇಳಿದ. ಅಂದೇ ಒಂದು ಪಾಠ ಕಲಿತೆ ಅಂತ ಸಿಸೆರೋ 20 ವರ್ಷ ಆದ ಮೇಲೆ ಹೇಳುತ್ತಾನೆ. ರೋಮ್ ಜನರ ಕಿವಿ ಮಂದ, ಕಣ್ಣು ಚುರುಕು. ಅವರ ಕಣ್ಣಿಗೆ ದಿನಾ ಬೀಳಬೇಕು. ಆಮೇಲೆ ಅವನು ಫೋರಮ್ (ಊರ ನಡುವಿನ ಸಾರ್ವಜನಿಕ ಚೌಕ) ಬಿಟ್ಟು ಕದಲಲಿಲ್ಲ. ಯಾರು ಬಂದರೂ ಬಾಗಿಲು ತೆರೆದೇ ಇರುತ್ತಿತ್ತು.

ಯೋಚನೆ ಮಾಡಿ. ಪಾಂಪೆಗೆ ಸೈನ್ಯವಿತ್ತು. ಕ್ರಾಸಸ್‌ಗೆ ಹಣವಿತ್ತು. ಸೀಸರ್‌ಗೆ ಮನೆತನ, ಆಮೇಲೆ ಸೈನ್ಯ. ಇವನಿಗೆ ಇದ್ದದ್ದು ನಾಲಿಗೆ ಮತ್ತು ದುಡಿಮೆ. ಅಷ್ಟರಲ್ಲೇ ಕ್ವೀಸ್ಟರ್, ಈಡೈಲ್, ಪ್ರೀಟರ್, ಕಾನ್ಸಲ್, ನಾಲ್ಕೂ ಹುದ್ದೆಗಳನ್ನು ಕಾನೂನು ಅನುಮತಿಸುವ ಮೊದಲ ವರ್ಷದಲ್ಲೇ ಗೆದ್ದ. ಅವನಿಗಿಂತ ಮುಂಚೆ ಒಬ್ಬ ಹೊಸಬ ಕಾನ್ಸಲ್ ಆಗಿ 30 ವರ್ಷವೇ ಕಳೆದಿತ್ತು. ಸರಿ, ಇಂಥವನು ಡಿಸೆಂಬರ್ 5ರಂದು ಸುಮ್ಮನೆ ಕೂತು, ಅಕಸ್ಮಾತ್ ಲೆಂಟುಲಸ್ ತಪ್ಪಿಸಿಕೊಂಡು ಊರಿಗೆ ಬೆಂಕಿ ಬಿದ್ದಿದ್ದರೆ? ‘ಹೊಸಬನಿಗೆ ಅಧಿಕಾರ ಕೊಟ್ಟರೆ ಹೀಗೇ’ ಅಂತ ಹಳೇ ಮನೆತನಗಳು ನೂರು ವರ್ಷ ಆಡಿಕೊಳ್ಳುತ್ತಿದ್ದವು. ಆ ಒತ್ತಡ ನಮಗೆ ಅರ್ಥ ಆಗಬೇಕು.

ತುಂಗಾತೀರ

ಮೇಷ್ಟ್ರೇ, ಆ ಒತ್ತಡ ಅರ್ಥ ಆಗುತ್ತದೆ. ಆದರೆ ಅದೇ ಸಭೆಯಲ್ಲಿ ಬೇರೆ ದಾರಿಯೂ ಮೇಜಿನ ಮೇಲಿತ್ತಲ್ವಾ? ಮರಣದಂಡನೆ ಅಂತ ಮೊದಲು ಹೇಳಿದವನು ಸಿಲಾನಸ್. ಆಮೇಲೆ ಸೀಸರ್ ಎದ್ದು, ಆಸ್ತಿ ಮುಟ್ಟುಗೋಲು ಹಾಕಿ, ಇಟಲಿಯ ಬೇರೆ ಬೇರೆ ಊರುಗಳಲ್ಲಿ ಬದುಕಿರುವವರೆಗೂ ಬಂಧನದಲ್ಲಿಡಿ ಅಂದ. ಸಭೆ ಅವನ ಕಡೆ ವಾಲಿತ್ತು. ಸಿಲಾನಸ್ ಕೂಡ ತನ್ನ ಮಾತನ್ನು ಸಡಿಲ ಮಾಡಿಕೊಂಡ. ಕೊನೆಗೆ ಕೇಟೋ ಎದ್ದು ಮತ್ತೆ ತಿರುಗಿಸಿದ. ಕೇಟೋಗೆ ಆಗ ಇನ್ನೂ 31ರ ಪ್ರಾಯ. ಮತ ಬಿದ್ದದ್ದು ಸೆನೆಟ್‌ನಲ್ಲಿ, ನಿಜ. ಆದರೆ ಸೆನೆಟ್ ಸಲಹೆ ಕೊಡುವ ಸಭೆ, ನ್ಯಾಯಾಲಯವಲ್ಲ. ಗಾಯಸ್ ಗ್ರಾಕಸ್ ತಂದ ಕಾನೂನಿನ ಪ್ರಕಾರ ನಾಗರಿಕನ ಪ್ರಾಣ ತೆಗೆಯಲು ಜನಸಭೆಯ ಅಪ್ಪಣೆ ಬೇಕು. ಆಜ್ಞೆ ಕೊಟ್ಟ ಕೈ ಕಾನ್ಸಲ್‌ನದು.

ನಿವೃತ್ತ_ಮ್ಯಾನೇಜರ್

ನಾನು 34 ವರ್ಷ ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿದವನು. ಡಿಸೆಂಬರ್ 5ರ ಬಗ್ಗೆ ನೀವು ಮಾತಾಡಿ. ನನಗೆ ಸಿಸೆರೋ ಯಾರು ಅಂತ ಗೊತ್ತಾದದ್ದು ಒಂದು ಬಡ್ಡಿ ಲೆಕ್ಕದಿಂದ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕ್ರಿ.ಪೂ. 51ರಲ್ಲಿ ಅವನನ್ನು ಸಿಲಿಷಿಯಾಗೆ ಗವರ್ನರ್ ಮಾಡಿ ಕಳಿಸಿದರು. ಈಗಿನ ಟರ್ಕಿಯ ದಕ್ಷಿಣ ಭಾಗ. ಸೈಪ್ರಸ್ ದ್ವೀಪವೂ ಅವನ ಕೆಳಗೇ. ಅವನಿಗೆ ರೋಮ್ ಬಿಟ್ಟು ಹೋಗುವುದು ಒಂಚೂರೂ ಇಷ್ಟವಿರಲಿಲ್ಲ. ಗವರ್ನರ್‌ಗಳು ಪ್ರಾಂತ್ಯಕ್ಕೆ ಹೋಗುತ್ತಿದ್ದದ್ದೇ ದುಡ್ಡು ಮಾಡಲು. ಇವನು ಹೋದ ಕಡೆ ಊರಿನವರ ಹತ್ತಿರ ಖರ್ಚು ಕಕ್ಕಿಸಲಿಲ್ಲ.

ಸೈಪ್ರಸ್‌ನ ಸಲಾಮಿಸ್ ಊರಿನವರು ಸಾಲ ಮಾಡಿಕೊಂಡಿದ್ದರು. ವಸೂಲಿಗೆ ಬಂದವನು ಸ್ಕಾಪ್ಟಿಯಸ್. ರೋಮನ್ನರೂ ನಮ್ಮ ಊರುಗಳ ಕೈಬದಲು ಸಾಲದ ಹಾಗೆ ತಿಂಗಳ ಲೆಕ್ಕದಲ್ಲೇ ಬಡ್ಡಿ ಹೇಳುತ್ತಿದ್ದರು. ತಿಂಗಳಿಗೆ ನೂರಕ್ಕೆ ಒಂದು ಅಂದರೆ ವರ್ಷಕ್ಕೆ 12. ಸಿಸೆರೋ ತನ್ನ ಪ್ರಾಂತ್ಯದಲ್ಲಿ ಅದಕ್ಕಿಂತ ಜಾಸ್ತಿ ಕೂಡದು ಅಂತ ಮೊದಲೇ ಆದೇಶ ಹೊರಡಿಸಿದ್ದ. ಸ್ಕಾಪ್ಟಿಯಸ್ ಕೇಳುತ್ತಿದ್ದದ್ದು ನೂರಕ್ಕೆ ನಾಲ್ಕು! ವರ್ಷಕ್ಕೆ 48. ಹಿಂದಿನ ಗವರ್ನರ್ ಇವನಿಗೆ ಅಧಿಕಾರವನ್ನೂ ಕುದುರೆ ಪಡೆಯನ್ನೂ ಕೊಟ್ಟಿದ್ದ. ಆ ಪಡೆಯಿಂದ ಸಲಾಮಿಸ್‌ನ ಸಭಾಭವನವನ್ನು ಮುತ್ತಿ, ಊರಿನ ಹಿರಿಯರನ್ನು ಒಳಗೇ ಕೂಡಿಹಾಕಿದ. ಐದು ಜನ ಹಸಿವಿನಿಂದ ಸತ್ತರು. ಸಾಲ ವಸೂಲಿಗೆ.

ಸಿಸೆರೋ ಬಂದ ತಕ್ಷಣ ಆ ಕುದುರೆ ಪಡೆಯನ್ನು ದ್ವೀಪ ಬಿಟ್ಟು ಹೊರಡಿಸಿದ. ಇಬ್ಬರನ್ನೂ ಕೂರಿಸಿ ಲೆಕ್ಕ ಹಾಕಿಸಿದ. 12ರ ಪ್ರಕಾರ 106 ಟ್ಯಾಲೆಂಟ್ (ಆಗಿನ ಹಣದ ಅಳತೆ) ಬಂತು. ಸ್ಕಾಪ್ಟಿಯಸ್ 200ರ ಹತ್ತಿರ ಹೇಳುತ್ತಿದ್ದ. ಸಲಾಮಿಸ್‌ನವರು ಕೊಡುತ್ತೇವೆ ಅಂದರು, ಇವನು ತೆಗೆದುಕೊಳ್ಳಲಿಲ್ಲ. ಆಮೇಲೆ ನಿಜ ಹೊರಬಿತ್ತು. ದುಡ್ಡು ಸ್ಕಾಪ್ಟಿಯಸ್‌ದಲ್ಲ, ಬ್ರೂಟಸ್‌ದು. ಹೌದು, ಸೀಸರ್‌ನನ್ನು ಕೊಂದ ಅದೇ ಬ್ರೂಟಸ್. ಸಿಸೆರೋನ ಆಪ್ತ ಗೆಳೆಯ ಅಟಿಕಸ್ ಕೂಡ ‘ಸ್ಕಾಪ್ಟಿಯಸ್‌ಗೆ ಒಂದು 50 ಕುದುರೆ ಸವಾರರನ್ನು ಕೊಡು’ ಅಂತ ಶಿಫಾರಸು ಮಾಡಿದ. ಸಿಸೆರೋ ಕೊಡಲಿಲ್ಲ. ಅಷ್ಟು ಹತ್ತಿರದ ಗೆಳೆಯನಿಗೆ, ಇಂಥದ್ದನ್ನು ಹೇಗೆ ಕೇಳಿದೆ ಅಂತ ನೇರವಾಗಿ ಬರೆದ.

ಇಲ್ಲಿಯವರೆಗೆ ಅವನಿಗೆ ಕೈ ಮುಗಿಯುತ್ತೇನೆ. ಆದರೆ ಸಲಾಮಿಸ್‌ನವರು ಇನ್ನೊಂದು ಕೇಳಿದರು. ದುಡ್ಡನ್ನು ದೇವಸ್ಥಾನದಲ್ಲಿ ಠೇವಣಿ ಇಡುತ್ತೇವೆ, ಅಲ್ಲಿಗೆ ಬಡ್ಡಿ ನಿಲ್ಲಲಿ ಅಂತ. ನ್ಯಾಯವಾದ ಮಾತು. ಆದರೆ ಬ್ರೂಟಸ್‌ನ ಮುಖ ನೋಡಿ ಸಿಸೆರೋ ಅವರನ್ನು ಸುಮ್ಮನಾಗಿಸಿದ. ತೀರ್ಪು ಕೊಡದೆ, ಕಡತ ಮುಚ್ಚದೆ, ಮುಂದಿನ ಗವರ್ನರ್‌ಗೆ ಬಿಟ್ಟು ಹೊರಟ. ಮುಂದೆ ಬರುವವನು ತನ್ನ ಹಾಗೆ ಇರಲಿಕ್ಕಿಲ್ಲ ಅಂತ ಅವನಿಗೂ ಗೊತ್ತಿತ್ತು. ಇಂಥ ಪೆಂಡಿಂಗ್ ಫೈಲುಗಳನ್ನು ನಾನು ನೋಡಿದ್ದೇನೆ. ಸಹಿ ಹಾಕಿ ಅನ್ಯಾಯ ಮಾಡುವುದು ಒಂದು. ಸಹಿ ಹಾಕದೆ ಅನ್ಯಾಯಕ್ಕೆ ಬಿಡುವುದು ಇನ್ನೊಂದು. ಡಿಸೆಂಬರ್ 5ರಂದು ಅವನು ಮೊದಲನೆಯದು ಮಾಡಿದ ಅಂತ ನೀವು ಹೇಳುತ್ತೀರಿ. ಸಲಾಮಿಸ್‌ನಲ್ಲಿ ಎರಡನೆಯದು ಮಾಡಿದ. ನನಗೆ ಇದೇ ಜಾಸ್ತಿ ನೋವು ಕೊಡುತ್ತದೆ.

ಬೆಳದಿಂಗಳು

ಮ್ಯಾನೇಜರ್ ಸರ್, ಇದು ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ಓದಿದೆ.

ನಾನು ಡಿಸೆಂಬರ್ 5ಕ್ಕೆ ಅವನು ತೆತ್ತ ಬೆಲೆ ಬಗ್ಗೆ ಹೇಳುತ್ತೇನೆ. ಕ್ಲೋಡಿಯಸ್ ಎಂಬವನ ಒಂದು ಕೇಸಲ್ಲಿ, ಅವನು ಅಂದು ರೋಮ್‌ನಲ್ಲಿರಲೇ ಇಲ್ಲ ಅನ್ನುವ ವಾದವನ್ನು ಸಿಸೆರೋನ ಸಾಕ್ಷಿ ಮುರಿದಿತ್ತು. ಆ ಹಗೆ ಇಟ್ಟುಕೊಂಡು ಕ್ಲೋಡಿಯಸ್ ಕ್ರಿ.ಪೂ. 58ರಲ್ಲಿ ಟ್ರಿಬ್ಯೂನ್ ಆದ. ವಿಚಾರಣೆಯಿಲ್ಲದೆ ನಾಗರಿಕನನ್ನು ಕೊಲ್ಲಿಸಿದವನಿಗೆ ದೇಶಭ್ರಷ್ಟ ಶಿಕ್ಷೆ ಅಂತ ಕಾನೂನು ತಂದ. ಅದರಲ್ಲಿ ಹೆಸರು ಇರಲಿಲ್ಲ. ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಸಿಸೆರೋ ಶೋಕದ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ಜನರ ಬೆಂಬಲ ಕೇಳಿದ. ಪಾಂಪೆಯನ್ನು ಕಾಣಲು ಹೋದರೆ, ಪಾಂಪೆ ಹಿಂಬಾಗಿಲಿಂದ ಹೊರಟುಹೋದನಂತೆ. ಇದೇ ಪಾಂಪೆಗೆ ದೊಡ್ಡ ಸೇನಾಧಿಕಾರ ಸಿಗಲಿ ಅಂತ ಕ್ರಿ.ಪೂ. 66ರಲ್ಲಿ ಸಿಸೆರೋ ಜನರ ಮುಂದೆ ಭಾಷಣ ಮಾಡಿದ್ದ.

ಮಾರ್ಚ್‌ನಲ್ಲಿ ಊರು ಬಿಟ್ಟ. ಪ್ಯಾಲಟೈನ್ ಬೆಟ್ಟದ ಮೇಲೆ 35 ಲಕ್ಷ ಸೆಸ್ಟರ್ಸ್ ನಾಣ್ಯ ಕೊಟ್ಟು ಕ್ರಾಸಸ್‌ನಿಂದ ಕೊಂಡಿದ್ದ ಮನೆಯನ್ನು ಕ್ಲೋಡಿಯಸ್‌ನ ಜನ ಕೆಡವಿದರು. ಆ ಜಾಗದಲ್ಲಿ ಸ್ವಾತಂತ್ರ್ಯ ದೇವತೆಯ ಗುಡಿ ಕಟ್ಟಿಸಿದರು, ಅವನು ಮತ್ತೆ ಅಲ್ಲಿ ಕಾಲಿಡಬಾರದು ಅಂತ. ಗ್ರೀಸ್ ಕಡೆಯ ಥೆಸಲೋನಿಕಾದಿಂದ ಅವನು ಹೆಂಡತಿ ಟೆರೆನ್ಶಿಯಾಗೆ ಬರೆದ ಪತ್ರಗಳನ್ನು ಓದಿ. ಕಣ್ಣೀರಿನಿಂದ ಬರೆಯಲು ಆಗುತ್ತಿಲ್ಲ ಅನ್ನುತ್ತಾನೆ. ತನ್ನದೇ ತಪ್ಪು ಅನ್ನುತ್ತಾನೆ. ನನ್ನಿಂದ ನಿನಗೆ ಈ ಗತಿ ಬಂತಲ್ಲ ಅನ್ನುತ್ತಾನೆ. ಗಂಡಸು ಇಷ್ಟು ಅಳಬಾರದಿತ್ತು ಅಂತ ಆಗಿನವರೂ ಈಗಿನವರೂ ಹೀಯಾಳಿಸಿದ್ದಾರೆ. ನನಗಂತೂ ಆ ಪತ್ರಗಳು ಅವನ ಮೇಲಿನ ಪ್ರೀತಿಯನ್ನು ಹೆಚ್ಚಿಸಿದವು. ಇಡೀ ಹಳೇ ಕಾಲದಲ್ಲಿ ಒಬ್ಬ ರಾಜಕಾರಣಿಯ ಒಳಗು ಇಷ್ಟು ಹತ್ತಿರದಿಂದ ನಮಗೆ ಕಾಣುವುದು ಇವನೊಬ್ಬನದೇ ಇರಬೇಕು. ಸುಮಾರು 900 ಪತ್ರ ಉಳಿದಿವೆ.

ವಾಪಸ್ ಬಂದದ್ದೂ ಹಾಗೇ ದೊಡ್ಡದು. 57ರ ಆಗಸ್ಟ್ 4ರಂದು ಅವನನ್ನು ಕರೆಸಿಕೊಳ್ಳುವ ಕಾನೂನು ಪಾಸಾಯಿತು. ಮರುದಿನ ಬ್ರಂಡಿಸಿಯಮ್ ಬಂದರಲ್ಲಿ ಇಳಿದ. ಮಗಳು ಟುಲಿಯಾ ಅಲ್ಲಿ ಕಾಯುತ್ತಿದ್ದಳು. ಅಂದು ಅವಳ ಹುಟ್ಟುಹಬ್ಬ. ರೋಮ್‌ವರೆಗೆ ದಾರಿಯುದ್ದಕ್ಕೂ ಊರುಗಳ ಜನ ಸ್ವಾಗತಕ್ಕೆ ನಿಂತಿದ್ದರು. ಆದರೆ ಆಮೇಲಿನ ವರ್ಷಗಳಲ್ಲಿ ಅವನ ದನಿ ಬದಲಾಯಿತು. ಪಾಂಪೆ, ಸೀಸರ್, ಕ್ರಾಸಸ್ ಒಟ್ಟಾಗಿ ಹೇಳಿದ್ದಕ್ಕೆ ತಲೆಯಾಡಿಸಬೇಕಾಯಿತು. ತಾನು ಇಷ್ಟಪಡದವರ ಪರವೂ ಕೋರ್ಟಿನಲ್ಲಿ ನಿಂತ. ಕ್ರಿ.ಪೂ. 60ರಲ್ಲಿ ಆ ಮೂವರ ಜೊತೆ ಸೇರು ಅಂತ ಕರೆ ಬಂದಾಗ ಗಣರಾಜ್ಯಕ್ಕೆ ಒಳ್ಳೆಯದಲ್ಲ ಅಂತ ಬೇಡ ಅಂದವನು ಇವನೇ. ಒಂದು ಸಲ ಮನೆ ಕಳಕೊಂಡವನಿಗೆ ಮತ್ತೆ ಅದೇ ಧೈರ್ಯ ಬರುವುದು ಕಷ್ಟ.

ಲಾ_ಸೆಕೆಂಡ್_ಇಯರ್

ಎಲ್ಲರಿಗೂ ನಮಸ್ತೆ. ನಾನು ಓದುತ್ತಾ ಕೂತಿದ್ದೆ, ಎರಡು ಪ್ರಶ್ನೆ ಇದೆ. ಒಂದು, ಸೀಸರ್‌ನನ್ನು ಕೊಲ್ಲುವ ಗುಂಪಿನಲ್ಲಿ ಸಿಸೆರೋ ಯಾಕೆ ಇರಲಿಲ್ಲ? ಎರಡು, ಆ ವೆರೆಸ್ ಏನಾದ? ಅವನಿಗೆ ಶಿಕ್ಷೆ ಆಯಿತಾ?

ಕಪ್ಪುಕೋಟು

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಅವನನ್ನು ಕರೆಯಲೇ ಇಲ್ಲ. ವಯಸ್ಸು 60 ದಾಟಿತ್ತು, ಸ್ವಭಾವ ಅಳುಕಿನದು, ಅದಕ್ಕೆ ಹೇಳಲಿಲ್ಲ ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಆದರೆ ಕ್ರಿ.ಪೂ. 44ರ ಮಾರ್ಚ್ 15ರಂದು ಕೊಂದ ಮೇಲೆ ಬ್ರೂಟಸ್ ರಕ್ತದ ಚೂರಿ ಎತ್ತಿ ಹಿಡಿದು ಕೂಗಿದ ಹೆಸರು ಸಿಸೆರೋ! ಇದನ್ನು ಸಿಸೆರೋನೇ ಬರೆದಿದ್ದಾನೆ. ಆಮೇಲೆ ಕೊಂದವರ ಗುಂಪಿನ ಕ್ಯಾಸಿಯಸ್‌ಗೆ ಬರೆದ ಪತ್ರದಲ್ಲಿ, ಆ ಔತಣಕ್ಕೆ ನನ್ನನ್ನು ಕರೆದಿದ್ದರೆ ಏನೂ ಉಳಿಸುತ್ತಿರಲಿಲ್ಲ ಅನ್ನುತ್ತಾನೆ. ಅಂದರೆ ಸೀಸರ್‌ನ ಬಲಗೈಯಾಗಿದ್ದ ಆಂಟನಿಯನ್ನೂ ಬಿಡುತ್ತಿರಲಿಲ್ಲ ಅಂತ.

ಆಂಟನಿ ವಿಷಯಕ್ಕೆ ಬಂದರೆ ತುಂಗಾತೀರ ಅವರ ಮಾತಿಗೆ ಒಂದು ದೊಡ್ಡ ಆಧಾರ ಸಿಗುತ್ತದೆ. ನೆಲಮಾಳಿಗೆಯಲ್ಲಿ ಕೊಲ್ಲಿಸಿದ ಲೆಂಟುಲಸ್ ಬೇರೆ ಯಾರೋ ಅಲ್ಲ, ಮಾರ್ಕ್ ಆಂಟನಿಯ ಮಲತಂದೆ. ಆಂಟನಿಯ ತಾಯಿ ಜೂಲಿಯಾ ಎರಡನೆಯದಾಗಿ ಮದುವೆಯಾದದ್ದು ಅವನನ್ನೇ. ಆಗ ಆಂಟನಿಗೆ ಸುಮಾರು 20 ವರ್ಷ. ಶವವನ್ನು ಕೂಡ ಸುಲಭದಲ್ಲಿ ಕೊಡಲಿಲ್ಲ ಅಂತ ಮುಂದೆ ದೂರಿದ. ಆ ದೂರು ಸುಳ್ಳು ಅಂತ ಸಿಸೆರೋ ಹೇಳಿದ. ಕ್ಲೋಡಿಯಸ್‌ನ ವಿಧವೆ ಫುಲ್ವಿಯಾಳನ್ನು ಮದುವೆಯಾದದ್ದೂ ಇದೇ ಆಂಟನಿ. ಒಂದು ಮನೆಯಲ್ಲಿ ಸಿಸೆರೋ ಮೇಲಿನ ಎರಡು ಹಗೆ ಒಟ್ಟಾದವು.

ಹಳ್ಳಿಮೇಷ್ಟ್ರು

ಆದರೆ ಕೊನೆಯ ಆ ಎಂಟು ತಿಂಗಳನ್ನು ಮರೆಯಬೇಡಿ. ಕ್ರಿ.ಪೂ. 44ರ ಸೆಪ್ಟೆಂಬರ್ 2ರಿಂದ ಮರುವರ್ಷದ ಏಪ್ರಿಲ್ 21ರವರೆಗೆ ಆಂಟನಿ ವಿರುದ್ಧ 14 ಭಾಷಣ. ಕೈಯಲ್ಲಿ ಯಾವ ಹುದ್ದೆಯೂ ಇಲ್ಲ. ಮಗಳು ಟುಲಿಯಾ ಹಿಂದಿನ ವರ್ಷ ತೀರಿಕೊಂಡಿದ್ದಳು. ಹೆಂಡತಿಯಿಂದ ದೂರವಾಗಿದ್ದ. ಗ್ರೀಸ್‌ಗೆ ಹೋಗಿ ಮಗನ ಜೊತೆ ನೆಮ್ಮದಿಯಾಗಿ ಇರಬಹುದಿತ್ತು. ಹಡಗು ಹತ್ತಿಯೂ ಆಗಿತ್ತು. ಗಾಳಿ ಅಡ್ಡ ಬಂದು ತಡವಾಯಿತು, ಅಷ್ಟರಲ್ಲಿ ರೋಮ್‌ನಿಂದ ಸುದ್ದಿ ಬಂತು, ತಿರುಗಿ ಬಂದ. 58ರಲ್ಲಿ ಅತ್ತ ಮನುಷ್ಯ ಇವನೇ. ಬೆಳದಿಂಗಳು ಮೇಡಂ, ನೀವು ಹೇಳಿದ ಆ ಧೈರ್ಯ 62ನೇ ವಯಸ್ಸಿನಲ್ಲಿ ಮತ್ತೆ ಬಂತು ನೋಡಿ.

ಎಡವಿದ್ದು ಆಕ್ಟೇವಿಯನ್ ವಿಷಯದಲ್ಲಿ. 19ರ ಹುಡುಗ, ಸೀಸರ್‌ನ ದತ್ತುಪುತ್ರ. ಆಂಟನಿ ವಿರುದ್ಧ ಇವನನ್ನು ಬಳಸಿಕೊಳ್ಳಬಹುದು ಅಂತ ಸಿಸೆರೋ ಲೆಕ್ಕ. ‘ಹುಡುಗನನ್ನು ಹೊಗಳಬೇಕು, ಗೌರವಿಸಬೇಕು, ಎತ್ತಬೇಕು’ ಅಂದನಂತೆ. ಲ್ಯಾಟಿನ್‌ನಲ್ಲಿ ಆ ಕೊನೆಯ ಪದಕ್ಕೆ ನಮ್ಮ ಎತ್ತು ಪದದ ಹಾಗೇ ಎರಡು ಅರ್ಥ. ಮೇಲಕ್ಕೆ ಎತ್ತುವುದೂ ಹೌದು, ಎತ್ತಂಗಡಿಯೂ ಹೌದು. ಆ ಮಾತು ಹುಡುಗನ ಕಿವಿಗೆ ಬಿತ್ತು. ಏಪ್ರಿಲ್‌ನಲ್ಲಿ ಮುಟಿನಾ ಬಳಿ ಆಂಟನಿ ಸೋತ, ಆದರೆ ಇಬ್ಬರು ಕಾನ್ಸಲ್‌ಗಳೂ ಸತ್ತರು. ಸೈನ್ಯ ಹುಡುಗನ ಕೈಗೆ ಬಂತು. ನವೆಂಬರ್‌ನಲ್ಲಿ ಅವನು ಆಂಟನಿ ಮತ್ತು ಇನ್ನೊಬ್ಬ ಸೇನಾಪತಿ ಲೆಪಿಡಸ್ ಜೊತೆ ಸೇರಿ ಕೊಲ್ಲಬೇಕಾದವರ ಪಟ್ಟಿ ಮಾಡಿದ. ಸಿಸೆರೋ ಹೆಸರಿಗಾಗಿ ಆಕ್ಟೇವಿಯನ್ ಎರಡು ದಿನ ಜಗ್ಗಾಡಿ, ಮೂರನೆಯ ದಿನ ಬಿಟ್ಟುಕೊಟ್ಟ ಅಂತ ಹೇಳುತ್ತಾರೆ. ಡಿಸೆಂಬರ್ 7ರಂದು ಫಾರ್ಮಿಯೇ ಹತ್ತಿರ ಪಲ್ಲಕ್ಕಿಯಲ್ಲಿ ಸಮುದ್ರದ ಕಡೆ ಹೋಗುತ್ತಿದ್ದಾಗ ಹಿಡಿದರು. ಅವನೇ ಕತ್ತು ಮುಂದೆ ಚಾಚಿದ. ತಲೆಯನ್ನೂ ಬರೆದ ಕೈಗಳನ್ನೂ ತಂದು ಫೋರಮ್‌ನಲ್ಲಿ, ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಇಟ್ಟರು.

ತುಂಗಾತೀರ

ಡಿಸೆಂಬರ್ 5ರಿಂದ 20 ವರ್ಷ ಎರಡು ದಿನ. ಲೆಂಟುಲಸ್ ಮತ್ತು ಆಂಟನಿ ಸಂಬಂಧ ನನಗೆ ತಿಳಿದಿರಲಿಲ್ಲ, ಧನ್ಯವಾದ ಸರ್.

ಬೆಳಗ್ಗೆಯಿಂದ ಯೋಚಿಸುತ್ತಿದ್ದೇನೆ. ಆ ತೀರ್ಮಾನ ತಪ್ಪು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಗಾವಿಯಸ್‌ಗೆ ಒಂದು ನ್ಯಾಯ, ಲೆಂಟುಲಸ್‌ಗೆ ಒಂದು ನ್ಯಾಯ ಆಗಬಾರದು. ಒಬ್ಬ ನಿರಪರಾಧಿ ಇರಬಹುದು, ಇನ್ನೊಬ್ಬ ಅಪರಾಧಿಯೇ ಇರಬಹುದು. ವಿಚಾರಣೆ ಇಬ್ಬರಿಗೂ ಬೇಕು. ಆದರೆ ಅವನ ಕಷ್ಟವೆಲ್ಲ ಆ ಒಂದು ಸಂಜೆಯಿಂದ ಬಂತು ಅಂತ ಬರೆದಿದ್ದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮ್ಯಾನೇಜರ್ ಸರ್ ಹೇಳಿದ ಸಲಾಮಿಸ್ ಕಥೆ ನನ್ನ ಲೆಕ್ಕ ತಪ್ಪಿಸಿತು. ಒಂದು ಕಡೆ ಆತುರ, ಇನ್ನೊಂದು ಕಡೆ ಹಿಂಜರಿಕೆ. ಎರಡೂ ಕಡೆ ದೊಡ್ಡ ಮನೆತನದವರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಇದ್ದ ಹಾಗೆ ಕಾಣುತ್ತದೆ. ಮೇಷ್ಟ್ರು ಹೇಳಿದ ಹೊಸಬನ ಒತ್ತಡ ಅದೇ ಇರಬೇಕು. 44ರಲ್ಲಿ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ.

ನಿವೃತ್ತ_ಮ್ಯಾನೇಜರ್

ಒಪ್ಪುತ್ತೇನೆ. ಆದರೆ ಸಲಾಮಿಸ್‌ನವರ ಠೇವಣಿ ಮಾತ್ರ ನಾನು ಕ್ಷಮಿಸುವುದಿಲ್ಲ.

ಬೆಳದಿಂಗಳು

ಆ ಹುಡುಗ/ಹುಡುಗಿಯ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ?

ಹಳ್ಳಿಮೇಷ್ಟ್ರು

ಹೌದು, ಮರೆತೇ ಹೋಗಿತ್ತು. ವೆರೆಸ್ ಪರ ವಕೀಲ ಹಾರ್ಟೆನ್ಸಿಯಸ್, ಆಗಿನ ರೋಮ್‌ನ ನಂಬರ್ ಒನ್ ಮಾತುಗಾರ. ಅವರ ಉಪಾಯ ಏನು ಅಂದರೆ ಕೇಸನ್ನು ಎಳೆಯುವುದು. ಹಬ್ಬದ ರಜೆಗಳು ಸಾಲು ಸಾಲಾಗಿ ಇದ್ದವು. ವರ್ಷ ಕಳೆದರೆ ಹಾರ್ಟೆನ್ಸಿಯಸ್ ಕಾನ್ಸಲ್ ಆಗುತ್ತಾನೆ, ಆ ನ್ಯಾಯಾಲಯಕ್ಕೂ ಅವರ ಕಡೆಯವನೇ ಬರುತ್ತಾನೆ. ಸಿಸೆರೋ ಇದನ್ನು ಮೊದಲೇ ಊಹಿಸಿದ್ದ. ಸಾಕ್ಷಿ ಸೇರಿಸಲು 110 ದಿನ ಕೇಳಿಕೊಂಡು 50 ದಿನದಲ್ಲಿ ಸಿಸಿಲಿ ಸುತ್ತಿ ಬಂದ. ಕೋರ್ಟಿನಲ್ಲಿ ಉದ್ದದ ಭಾಷಣ ಮಾಡುವ ಅವಕಾಶವನ್ನೇ ಬಿಟ್ಟು, ಚಿಕ್ಕದಾಗಿ ಮಾತಾಡಿ, ನೇರವಾಗಿ ಸಾಕ್ಷಿಗಳನ್ನು ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿದ. ಕೇಸು ಮುಗಿಯುವ ಮೊದಲೇ ವೆರೆಸ್ ಊರು ಬಿಟ್ಟ. ಗಾವಿಯಸ್‌ನ ಕಥೆ ಬರುವ ಆ ದೊಡ್ಡ ಭಾಷಣ ಕೋರ್ಟಿನಲ್ಲಿ ಮಾಡಿದ್ದೇ ಅಲ್ಲ, ಆಮೇಲೆ ಬರೆದು ಹಂಚಿದ್ದು.

ವೆರೆಸ್ ಮಸಿಲಿಯಾದಲ್ಲಿ, ಅಂದರೆ ಈಗಿನ ಫ್ರಾನ್ಸಿನ ಮಾರ್ಸೆಯಲ್ಲಿ, 27 ವರ್ಷ ಇದ್ದ. ಸಿಸಿಲಿಯಿಂದ ಹೊಡೆದ ಕಲಾಕೃತಿಗಳಲ್ಲಿ ಕೆಲವು ಅವನ ಹತ್ತಿರವೇ ಉಳಿದಿದ್ದವು ಅಂತ ಕಾಣುತ್ತದೆ. ಅವನ ಕೊರಿಂತ್ ಕಂಚಿನ ಪಾತ್ರೆಗಳ ಮೇಲೆ ಆಂಟನಿಗೆ ಕಣ್ಣು ಬಿತ್ತು. ಇವನು ಕೊಡಲಿಲ್ಲ. ಕ್ರಿ.ಪೂ. 43ರ ಕೊಲೆ ಪಟ್ಟಿಯಲ್ಲಿ, ಸಿಸೆರೋ ಹೆಸರಿದ್ದ ಅದೇ ಪಟ್ಟಿಯಲ್ಲಿ, ವೆರೆಸ್‌ನ ಹೆಸರನ್ನೂ ಸೇರಿಸಿದರು.